ಸೋಮವಾರಕ್ಕೊಂದು ಜೀಪು

ಶಟ್ಟೆಪ್ಪನ ಮನೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅವನ ಅಪ್ಪ ಹೂಡಿರಲಿಲ್ಲ, ಅಪ್ಪನ ಅಪ್ಪನೂ ಹೂಡಿರಲಿಲ್ಲ. ಸೋಮವಾರ ಬಸವಣ್ಣನ ದಿನ. ಅವತ್ತು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮುಂದೆ ಕಣಿಕೆ ಸುರಿದು ಸುಮ್ಮನೆ ನಿಲ್ಲಿಸುವುದು. ಇದರಿಂದ ಇಷ್ಟು ವರ್ಷ ಯಾರಿಗೂ ಏನೂ ಅಡಚಣೆಯಾಗಿರಲಿಲ್ಲ. ಅಡಚಣೆ ಶುರುವಾದದ್ದು ಅವನ ಹೆಂಡತಿ ಚನ್ನವ್ವನ ಎರಡೂ ಕಿಡ್ನಿ ಕೈಕೊಟ್ಟು, ಬೈಲಹೊಂಗಲದ ಆಸ್ಪತ್ರೆಯಲ್ಲಿ ಆಕೆಗೆ ಡಯಾಲಿಸಿಸ್‌ಗೆಂದು ಸೋಮವಾರ ಮತ್ತು ಗುರುವಾರದ ಪಾಳಿ ಸಿಕ್ಕ ಮೇಲೆ.

ಇವರ ಮನೆ ಇರುವುದು ಸಂಗೊಳ್ಳಿಯ ಆಚೆ, ಹೊಲದಲ್ಲಿ. ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರು ಒಳಗೆ. ಬೇಸಿಗೆಯಲ್ಲಿ ಮಗ ಕಲ್ಮೇಶ ಮೋಟರ್ ಸೈಕಲ್ಲಿನ ಹಿಂದೆ ಅವ್ವನನ್ನು ಕೂರಿಸಿಕೊಂಡು ಬುರ್ರನೆ ಹೋಗಿಬಿಡುತ್ತಾನೆ. ಮಳೆ ಬಿತ್ತೆಂದರೆ ಮುಗಿಯಿತು. ಅದು ಎರೆ ಮಣ್ಣು. ಚಪ್ಪಲಿ ಹಾಕಿಕೊಂಡು ಹೊರಟವರು ಹತ್ತು ಹೆಜ್ಜೆಗೆ ಚಪ್ಪಲಿ ಕೈಯಲ್ಲಿ ಹಿಡಿಯಬೇಕು, ಇಪ್ಪತ್ತು ಹೆಜ್ಜೆಗೆ ಒಂದೊಂದು ಕಾಲೂ ಎರಡೆರಡು ಕೇಜಿ ತೂಗುತ್ತದೆ. ಆಗ ಇವರ ಮನೆಯಲ್ಲಿದ್ದುದರಲ್ಲಿ ಆ ದಾರಿ ದಾಟುವುದು ಎತ್ತಿನ ಗಾಡಿ ಒಂದೇ. ಗುರುವಾರ ಗಾಡಿ ಇದೆ. ಸೋಮವಾರ ಇಲ್ಲ.

ಈ ಲೆಕ್ಕ ಬಿಡಿಸಿ ಬಿಡಿಸಿ ಸೊಸೆ ಅನ್ನಪೂರ್ಣಾಳ ತಲೆ ಚಿಟ್ಟು ಹಿಡಿದಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಆಕೆಯೇ ಮಾತು ತೆಗೆದಳು. ಎಲ್ಲರಿಗೂ ಪುಂಡಿಪಲ್ಲೆ, ರೊಟ್ಟಿ, ಶೇಂಗಾ ಚಟ್ನಿ. ಅತ್ತೆಗೆ ಬೇರೆ: ಕುದಿಸಿ ನೀರು ಬಸಿದ ಹೀರೇಕಾಯಿ, ಉಪ್ಪಿಲ್ಲ, ಹುಳಿಯಿಲ್ಲ. ಕುಡಿಯುವ ನೀರೂ ದಿನಕ್ಕೆ ಒಂದು ಬಾಟಲಿಯ ಲೆಕ್ಕ. ಎರಡು ವರ್ಷದಿಂದ ದಿನಕ್ಕೆ ಎರಡು ಸಲ ಎರಡೆರಡು ಅಡುಗೆ.

"ಮಳಿ ಇನ್ನ ಮೂರು ವಾರ ಉಳಿತು" ಅಂದಳು ಅನ್ನಪೂರ್ಣಾ. "ಹ್ವಾದ ವರ್ಷದಂಗ ಆಗಬಾರದು ನೋಡ್ರಿ."

ಹೋದ ವರ್ಷದ್ದನ್ನು ಯಾರೂ ಮರೆತಿರಲಿಲ್ಲ. ಶ್ರಾವಣದಲ್ಲಿ ಎರಡು ಸೋಮವಾರ ಆಸ್ಪತ್ರೆ ತಪ್ಪಿತ್ತು. ಮೊದಲ ಸಲ ಮುಖ, ಕಾಲು ಬಾತವು. ಎರಡನೆಯ ಸಲ ಎದೆಯಲ್ಲಿ ನೀರು ನಿಂತು, ಮಲಗಿದರೆ ಉಸಿರು ಹತ್ತದಂತಾಗಿ, ಚನ್ನವ್ವ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ದಳು. ಐದು ದಿನ ಬೆಳಗಾವಿಯಲ್ಲಿಟ್ಟು ಉಳಿಸಿ ಕಳಿಸುವಾಗ ಡಾಕ್ಟರು, ಇನ್ನೊಮ್ಮೆ ತಪ್ಪಿಸಿದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದಿದ್ದರು. ರಸ್ತೆ ಬದಿಯ ಹೊಲದ ಲಗಮಪ್ಪ ತನ್ನ ಟ್ರ್ಯಾಕ್ಟರನ್ನು ಎರಡು ಸಲ ತಂದಿದ್ದ. ಮೂರನೆಯ ಸಲ ಫೋನು ಎತ್ತಲಿಲ್ಲ. ಅವನದೂ ತಪ್ಪಲ್ಲ, ನಸುಕಿನಲ್ಲಿ ವಾರವಾರ ಯಾರು ಬಂದಾರು?

"ಅಜ್ಜಾ, ಎತ್ತಿಗೆ ವಾರಕ್ಕ ಒಂದಿನ ಸೂಟಿ ಐತಿ" ಅಂದಳು ಮೊಮ್ಮಗಳು ಐಶ್ವರ್ಯಾ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. "ನಮ್ಮವ್ವಗ ಯಾವತ್ತ ಸೂಟಿ?"

ಶಟ್ಟೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನೀ ಕಲತೀಯಂತ ಹಿರೇರಿಗೆ ಬುದ್ಧಿ ಹೇಳಾಕ ಬರಬ್ಯಾಡ."

"ಬುದ್ಧಿ ಅಲ್ಲ. ಒಂದ ಸೋಮವಾರ ಹೂಡಿದರ ಬಸವಣ್ಣ ಸಿಟ್ಟಾಕ್ಕಾನೇನು? ಆಯಿ ಸಲುವಾಗಿ?"

ಉತ್ತರ ಕೊಟ್ಟವಳು ಆಯಿಯೇ. ಗೋಡೆಗೆ ಒರಗಿ ಕುಳಿತಿದ್ದ ಚನ್ನವ್ವ ತನ್ನ ಸಪ್ಪೆ ಪಲ್ಲೆಯನ್ನು ಬೆರಳಿನಿಂದ ಆಚೀಚೆ ಸರಿಸುತ್ತ ಅಂದಳು: "ಬ್ಯಾಡ ನನ್ನವ್ವಾ. ಬಸವಣ್ಣನ ಹೆಗಲಿಗೆ ಸೋಮವಾರ ನೊಗಾ ಇಡಿಸಿ ನಾ ಬದುಕೂದು ಬ್ಯಾಡ."

"ಹಂಗಾರ ಒಂದ ಜೀಪ್ ತಗೊಳ್ಳೂನು" ಅಂದ ಕಲ್ಮೇಶ. ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತು. "ಹಳೇದು. ಫೋರ್ ವ್ಹೀಲ್‌ದು. ಬರೇ ಹಿಂದಿನ ಗಾಲಿ ಅಲ್ಲ, ನಾಕೂ ಗಾಲಿ ಎಳಿತಾವ ಅದರಾಗ. ರಾಡ್ಯಾಗೂ ಬಿಡೂದಿಲ್ಲ."

"ರೊಕ್ಕ?" ಅಂದ ಶಟ್ಟೆಪ್ಪ.

ಸೋಯಾಬೀನು ಮಾರಿದ್ದರಲ್ಲಿ ಉಳಿದದ್ದಿತ್ತು. ಅನ್ನಪೂರ್ಣಾಳ ಪಿಗ್ಮಿ ಉಳಿತಾಯ ಇತ್ತು. ಎರಡೂ ಸೇರಿ ಒಂದು ಲಕ್ಷದ ಮೇಲೆ ಚೂರುಪಾರು. ಸಾಲ ಬೇಡ ಎಂದು ಎಲ್ಲರೂ ಒಂದೇ ಬಾಯಲ್ಲಿ ಅಂದರು. ಮತ್ತೆ ಉಳಿದದ್ದೆಂದರೆ ಎರಡು ಎಮ್ಮೆಗಳಲ್ಲಿ ಒಂದು. ಯಾವುದನ್ನು ಎಂದು ಯಾರೂ ಕೇಳಲಿಲ್ಲ. ಬೆಲೆ ಬರುವುದು ಹಾಲು ಹೆಚ್ಚು ಕೊಡುವುದಕ್ಕೇ. ಮುಂದಿನ ಸಂತೆಯಲ್ಲಿ ಅದು ಹೋಯಿತು. ಅವತ್ತಿನಿಂದ ಮನೆಯಲ್ಲಿ ಮೊಸರು ಕಡಿಮೆಯಾಗಿ ಮಜ್ಜಿಗೆ ಹೆಚ್ಚಾಯಿತು, ಆಮೇಲೆ ಮಜ್ಜಿಗೆಯೂ ತೆಳ್ಳಗಾಯಿತು.

ಈ ನಡುವೆ ಅನ್ನಪೂರ್ಣಾ ತನ್ನ ದಾರಿಯನ್ನೂ ಬಿಟ್ಟಿರಲಿಲ್ಲ. ಡಯಾಲಿಸಿಸ್ ಮಷೀನು ನೋಡಿಕೊಳ್ಳುವ ಭೀಮಶಿಯನ್ನು ಗುರುವಾರಕ್ಕೊಮ್ಮೆ ಕೇಳುವಳು: "ಮಂಗಳವಾರ–ಶುಕ್ರವಾರದ ಪಾಳಿ ಯಾವಾಗ ಖಾಲಿ ಆಕ್ಕೇತ್ರಿ ಅಣ್ಣಾರ? ಅದೊಂದ ಸಿಕ್ಕರ ನಮಗ ಏನೂ ಬ್ಯಾಡ. ಗಾಡಿ ಹೂಡಕೊಂಡ ಬರತೇವಿ."

"ಹೆಸರು ಬರದೇನ್ರಿ ಅಕ್ಕಾರ" ಎನ್ನುವನು ಅವನು, ನಳಿಕೆ ಜೋಡಿಸುತ್ತ. "ಹತ್ತ ಮಷೀನು, ಎಲ್ಲಾ ತುಂಬ್ಯಾವ. ಖಾಲಿ ಆಗಲಿ ಅಂತ ನೀವೂ ಕೇಳಕೋಬ್ಯಾಡ್ರಿ, ನಾನೂ ಕೇಳಕೊಳ್ಳೂದಿಲ್ಲ."

ಆ ಮಾತಿನ ಅರ್ಥ ಅನ್ನಪೂರ್ಣಾಳಿಗೆ ಆಗದೆ ಇರಲಿಲ್ಲ. ಆದರೂ ಮುಂದಿನ ಗುರುವಾರ ಮತ್ತೆ ಕೇಳುವಳು.

ಜೀಪು ಹುಡುಕುವುದೆಂದರೆ ಹೆಣ್ಣು ನೋಡುವುದಕ್ಕಿಂತ ಹೆಚ್ಚಿನ ಓಡಾಟ. ಸವದತ್ತಿಯಲ್ಲಿ ನೋಡಿದ್ದರ ಕೆಳಗಿನ ತಗಡು ಎಷ್ಟು ತುಕ್ಕು ತಿಂದಿತ್ತೆಂದರೆ ಕಾಲಿಟ್ಟುಕೊಳ್ಳುವಲ್ಲಿ ನೆಲ ಕಾಣುತ್ತಿತ್ತು. ಕಿತ್ತೂರಿನಲ್ಲಿ ಒಂದು ಚಂದದ್ದಿತ್ತು. ಅದರ ಮಾಲೀಕ ಚಹಾ ಕುಡಿಸಿ, ಎಷ್ಟು ಇಟ್ಟುಕೊಂಡು ಬಂದೀರಿ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮಳೆ ಬೆಳೆಯ ಮಾತಿಗೆ ತಿರುಗಿದ. ಕಡೆಗೆ ಕಲ್ಮೇಶನ ಮೊಬೈಲಿಗೆ ಒಂದು ಫೋಟೋ ಬಂತು. ರಾಮದುರ್ಗದ ಕಡೆ, ತೊರಗಲ್ಲಿನಲ್ಲಿ ಸಿದ್ದರಾಮ ಎಂಬವನ ಜೀಪು. ಹಸಿರು ಬಣ್ಣ, ಹದಿನೆಂಟು ವರ್ಷ ಹಳೆಯದು.

ಹೋದದ್ದು ಒಂದು ಸೋಮವಾರವೇ. ಎತ್ತಿಗೆ ಬಿಡುವಾದ್ದರಿಂದ ಶಟ್ಟೆಪ್ಪನಿಗೂ ಬಿಡುವು. ಚನ್ನವ್ವನನ್ನು ಬೆಳಿಗ್ಗೆ ಮಷೀನಿಗೆ ಮಲಗಿಸಿ, ಜೊತೆಗೆ ಐಶ್ವರ್ಯಾಳನ್ನು ಬಿಟ್ಟು, ಅಪ್ಪ, ಮಗ, ಸೊಸೆ ಮೂವರೂ ಎರಡು ಬಸ್ಸು ಬದಲಿಸಿ ತೊರಗಲ್ಲಿಗೆ ಹೋದರು. ಸಿದ್ದರಾಮ ಐವತ್ತರ ಮನುಷ್ಯ, ಮೆತ್ತಗಿನ ಮಾತು. ಜೀಪಿಗಿಂತ ಮೊದಲು ಶಟ್ಟೆಪ್ಪನ ಕಣ್ಣಿಗೆ ಬಿದ್ದದ್ದು ಅಂಗಳದಲ್ಲಿ ನಿಂತಿದ್ದ ಬಿಳಿ ಎತ್ತಿನ ಜೋಡಿ. ಮೈ ತೊಳೆದು ಇನ್ನೂ ಪೂರ್ತಿ ಆರಿರಲಿಲ್ಲ. ಹಣೆಗೆ ವಿಭೂತಿ.

ಶಟ್ಟೆಪ್ಪ ಒಂದರ ಬೆನ್ನು ಸವರಿದ. "ಇವತ್ತ ಹೂಡಿಲ್ಲೇನ್ರಿ?"

"ಸೋಮವಾರ ಅಲ್ಲೇನ್ರಿ? ಹೆಂಗ ಹೂಡೂದು?" ಅಂದ ಸಿದ್ದರಾಮ.

ಅಷ್ಟೇ. ವ್ಯಾಪಾರ ಅಲ್ಲಿಗೇ ಮುಗಿದಿತ್ತು. ಉಳಿದದ್ದು ಶಾಸ್ತ್ರ.

ಕಲ್ಮೇಶ ಜೀಪಿನ ಸುತ್ತ ತಿರುಗಿದ, ಬಾನೆಟ್ ಎತ್ತಿ ನೋಡಿದ, ಗಾಲಿ ಒದ್ದು ನೋಡಿದ. "ಫೋರ್ ವ್ಹೀಲ್ ಐತಿ ಅಲ್ರಿ?"

"ಫೋರ್ ವ್ಹೀಲ್ ಗಾಡೀನ ಐತ್ರಿ ಇದು. ಇಲ್ನೋಡ್ರಿ ಸಣ್ಣ ಗೇರು" ಎಂದು ಸಿದ್ದರಾಮ ದೊಡ್ಡ ಗೇರಿನ ಪಕ್ಕದ ಗಿಡ್ಡ ಕೋಲನ್ನು ಮುಂದೆ ಹಿಂದೆ ಎಳೆದು ತೋರಿಸಿದ. ಆಮೇಲೆ ಮೂವರನ್ನೂ ಕೂರಿಸಿಕೊಂಡು ಕೋಟೆಯ ಕೆಳಗಿನ ಕಲ್ಲು ದಾರಿಯಲ್ಲಿ ಏರು ಹತ್ತಿಸಿದ. ಬಿಸಿಲಿಗೆ ಕಾದ ಒಣ ಕಲ್ಲು. ಜೀಪು ಗುರುಗುಟ್ಟುತ್ತ ಹತ್ತಿತು.

ಕಲ್ಮೇಶ ಅಪ್ಪನನ್ನು ಪಕ್ಕಕ್ಕೆ ಕರೆದ. "ಒಮ್ಮೆ ಬೈಲಹೊಂಗಲದ ಯಮನಪ್ಪ ಮೇಸ್ತ್ರಿನ್ನ ಕರಕೊಂಡ ಬಂದು ತೋರಿಸೂನೇನಪ್ಪಾ? ಒಂದಿನದ ಮಾತು."

"ಸೋಮವಾರ ಎತ್ತ ಕಟ್ಟಿ ನಿಲ್ಲಿಸಿದ ಮನಿಯಾಂವ ನಮಗ ಮೋಸಾ ಮಾಡತಾನಾ?"

"ಮೋಸಾ ಅಂತಲ್ಲಪ್ಪಾ…"

"ಮೇಸ್ತ್ರಿ ಕರಕೊಂಡ ಬಂದರ ಅವನ ಮುಖಕ್ಕ ಹೊಡದಂಗ ಆಕ್ಕೇತಿ. ಕೊಡು ರೊಕ್ಕಾ."

ಅನ್ನಪೂರ್ಣಾ ಗಂಡನ ಪರವಾಗಿ ಬಾಯಿ ಹಾಕಬಹುದಿತ್ತು. ಹಾಕಲಿಲ್ಲ. ಆ ಎತ್ತುಗಳನ್ನು ನೋಡಿ ಆಕೆಯ ಮನಸ್ಸೂ ಕರಗಿತ್ತು. ನಮ್ಮಂಥವರೇ ಅನ್ನಿಸಿತ್ತು. ಮುಂದೆ ಎಷ್ಟೋ ದಿನ ಮಾವನ ಮೇಲೆ ಸಿಟ್ಟು ಬಂದಾಗಲೆಲ್ಲ ಆಕೆಗೆ ಇದೂ ನೆನಪಾಗುತ್ತಿತ್ತು. ಸಿಟ್ಟು ಪೂರ್ತಿ ಬರುತ್ತಿರಲಿಲ್ಲ.

ಒಂದು ಲಕ್ಷ ಎಂಬತ್ತೈದು ಸಾವಿರಕ್ಕೆ ಮಾತಾಯಿತು. ಸಂಜೆ ನಾಲ್ಕಕ್ಕೆ ಜೀಪು ಆಸ್ಪತ್ರೆಯ ಮುಂದೆ ನಿಂತಾಗ ಚನ್ನವ್ವ ಬೇವಿನ ಗಿಡದ ಕೆಳಗೆ ಮೊಮ್ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮಷೀನಿನಿಂದ ಎದ್ದ ದಿನ ಆಕೆಗೆ ಮಾತಾಡಲೂ ತ್ರಾಣವಿರುವುದಿಲ್ಲ. ಆದರೂ ಎದ್ದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಇದಕ್ಕ ಸೋಮವಾರ ಸೂಟಿ ಇಲ್ಲ ಹೌದಿಲ್ಲೋ?"

ಎಲ್ಲರೂ ನಕ್ಕರು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಭಾನುವಾರ ರಾತ್ರಿಯಿಡೀ ಸುರಿದು ಸೋಮವಾರ ಬೆಳಿಗ್ಗೆ ನಿಂತಿತ್ತು. ಕಲ್ಮೇಶ ಅವ್ವನನ್ನು ಮುಂದೆ ಕೂರಿಸಿದ, ಅನ್ನಪೂರ್ಣಾ ಹಿಂದೆ ಕುಳಿತಳು. ಶಟ್ಟೆಪ್ಪ ಗಾಲಿಗೆ ನಿಂಬೆಹಣ್ಣು ಇಟ್ಟ. ಮನೆಯಿಂದ ಮೂರು ಹೊಲ ದಾಟುವಷ್ಟರಲ್ಲಿ ಜೀಪಿನ ಹಿಂಭಾಗ ಒಂದು ಪಕ್ಕಕ್ಕೆ ಜಾರಿತು. ಕಲ್ಮೇಶ ಸಣ್ಣ ಗೇರು ಎಳೆದ. ಹಿಂದಿನ ಗಾಲಿಗಳು ಗರಗರ ತಿರುಗಿ ಕೆಸರು ಎರಚಿದವು, ಮುಂದಿನವು ಅಲುಗಲಿಲ್ಲ. ಮತ್ತೆ ಎಳೆದ, ಮತ್ತೆ ಅದೇ. ಜೀಪು ಹೊಟ್ಟೆಯವರೆಗೆ ಹೂತುಕೊಂಡಿತು.

"ಇಳೀಲೇನೋ ಕಲ್ಮ್ಯಾ?" ಅಂದಳು ಚನ್ನವ್ವ.

"ತಡಿಯವ್ವಾ. ತಡಿ."

ತಡೆದು ಪ್ರಯೋಜನವಿರಲಿಲ್ಲ. ಕಡೆಗೆ ಅವನು ಅವ್ವನನ್ನು ಬೆನ್ನ ಮೇಲೆ ಹೊತ್ತ. ಅನ್ನಪೂರ್ಣಾ ಅವನ ಚಪ್ಪಲಿ, ಆಕೆಯ ಚಪ್ಪಲಿ, ಆಸ್ಪತ್ರೆಯ ಫೈಲು, ಊಟದ ಡಬ್ಬಿ ಹಿಡಿದುಕೊಂಡು ಹಿಂದೆ ನಡೆದಳು. ನಲವತ್ತೆರಡು ಕೇಜಿಯ ಅವ್ವ, ಕಾಲಿಗೆ ಅಂಟಿದ ಮಣ್ಣು, ಒಂದೂವರೆ ಕಿಲೋಮೀಟರು ದಾರಿ. ಬದುವಿನ ಕಲ್ಲು ಸಿಕ್ಕಲ್ಲೆಲ್ಲ ಇಳಿಸಿ ದಮ್ಮು ತೆಗೆದುಕೊಂಡರು. ಆಸ್ಪತ್ರೆ ಮುಟ್ಟಿದಾಗ ಒಂದೂವರೆ ತಾಸು ತಡ. ಆ ದಿನ ನಾಲ್ಕು ತಾಸಿನ ಕೆಲಸ ಎರಡೂವರೆ ತಾಸಿಗೆ ಮುಗಿಯಿತು, ಹಿಂದಿನಿಂದ ಇನ್ನೊಂದು ಪಾಳಿಯವರು ಕಾಯುತ್ತಿದ್ದರು. ಕಲ್ಮೇಶನ ಸೊಂಟ ಅವತ್ತು ಹಿಡಿದದ್ದು ಆಮೇಲೆ ಬಿಡಲೇ ಇಲ್ಲ.

ಬುಧವಾರ ಲಗಮಪ್ಪನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಜೀಪನ್ನು ಎಳೆಸಿ ಬೈಲಹೊಂಗಲಕ್ಕೆ ಒಯ್ದರು. ಯಮನಪ್ಪ ಮೇಸ್ತ್ರಿ ಗೋಣಿಚೀಲ ಹಾಸಿ ಕೆಳಗೆ ತೂರಿದ. ಒಂದು ನಿಮಿಷವೂ ಆಗಿರಲಿಲ್ಲ, ಹೊರಗೆ ಬಂದ.

"ಮುಂದಿನ ಗಾಲಿಗೆ ಹೋಗೂ ಶಾಫ್ಟ್ ಎಲ್ಲೈತ್ರಿ?"

"ಎಲ್ಲೈತಿ ಅಂದ್ರ?" ಅಂದ ಕಲ್ಮೇಶ.

"ಇಲ್ಲರೀ ಅದು. ಇಂಜಿನ್ನಿನ ಎಳತಾ ಮುಂದಿನ ಗಾಲಿಗೆ ಮುಟ್ಟಿಸೂ ರಾಡು. ತಗದಾರ. ಡೀಸೆಲ್ ಉಳಿತೈತಿ ಅಂತ ಭಾಳ ಮಂದಿ ತಗದ ಬಿಡತಾರ್ರಿ. ಸಣ್ಣ ಗೇರ್ ಬರೇ ತೋರಸಾಕ ಐತಿ."

ತೊರಗಲ್ಲಿಗೆ ಫೋನು ಮಾಡಿದರು. ಸಿದ್ದರಾಮನ ದನಿ ಅದೇ ಮೆತ್ತಗೆ. "ಸುಳ್ಳ ಹೇಳಿಲ್ರಿ ನಾ. ಫೋರ್ ವ್ಹೀಲ್ ಗಾಡಿ ಹೌದೇನು ಅಂತ ಕೇಳಿದ್ರಿ, ಹೌದ ಅಂದೆ. ಕಂಪನಿಯಿಂದ ಬಂದದ್ದ ಹಂಗ. ಶಾಫ್ಟ್ ಐತೇನು ಅಂತ ಕೇಳಿದ್ದರ ಇಲ್ಲ ಅಂತಿದ್ದೆ. ಅದನ್ನ ಗುಜರಿಗೆ ಹಾಕಿ ನಾಕ ವರ್ಷ ಆತ್ರಿ." ಸ್ವಲ್ಪ ತಡೆದು, "ಅಮ್ಮಾರ ಆರೋಗ್ಯ ಹೆಂಗೈತ್ರಿ?" ಎಂದೂ ಕೇಳಿದ.

ಯಮನಪ್ಪ ಎಲ್ಲಾ ಸೇರಿ ನಲವತ್ತು ಸಾವಿರ ಹೇಳಿದ. ಮುಂದಿನ ಗಾಲಿಗಳ ಒಳಗಿನ ಹಲ್ಲುಗಳೂ ಸವೆದಿದ್ದವಂತೆ. ನಲವತ್ತು ಸಾವಿರವೆಂದರೆ ಉಳಿದ ಇನ್ನೊಂದು ಎಮ್ಮೆ.

ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ಕಲ್ಮೇಶ ತುತ್ತು ಎತ್ತುವ ಮೊದಲೇ ಅಂದ: "ಮೇಸ್ತ್ರಿ ಕರಕೊಂಡ ಹೋಗೂನು ಅಂದಿದ್ದೆ."

"ಅಂದಿದ್ದಿ."

"ಎತ್ತಿನ ಹಣಿ ನೋಡಿ ಜೀಪ್ ತಗೊಂಡ್ರಿ ನೀವು."

"ಹೂಂ. ತಗೊಂಡೆ. ಏನ್ ಮಾಡಂತಿ? ಬಾವಿಗೆ ಬೀಳ್ಲೇನು?"

"ಬೀಳಬ್ಯಾಡ್ರಿ. ಬಿದ್ದರ ತಗಿಯಾಕ ಎತ್ತು ಬೇಕು. ಸೋಮವಾರ ಇದ್ದರ ಏನ್ ಮಾಡೂದು?"

ಅನ್ನಪೂರ್ಣಾ ಗಂಡನ ತಟ್ಟೆಗೆ ಬೇಳೆ ಹಾಕುತ್ತಿದ್ದ ಸೌಟನ್ನು ಹಾಗೇ ಹಿಡಿದಳು. ಶಟ್ಟೆಪ್ಪ ತಟ್ಟೆ ಸರಿಸಿ ಎದ್ದು ಕೊಟ್ಟಿಗೆಗೆ ಹೋದ. ಅವತ್ತಿನಿಂದ ಅಪ್ಪ ಮಗ ನೇರ ಮಾತು ಬಿಟ್ಟರು. "ನಿನ್ನ ಗಂಡಗ ಹೇಳು", "ನಿಮ್ಮ ಮಾವಗ ಹೇಳು" ಎಂದು ಇಬ್ಬರ ಮಾತೂ ಅನ್ನಪೂರ್ಣಾಳ ಮೂಲಕವೇ ದಾಟಬೇಕಾಯಿತು. ಇರುವ ಕೆಲಸದ ಮೇಲೆ ಇದೊಂದು ಹೆಚ್ಚಿನ ಕೆಲಸ.

ಉಪಾಯ ಹುಡುಕಿದವಳೂ ಆಕೆಯೇ. ಜೀಪು ಕೆಸರಿನಲ್ಲಿ ಓಡದಿದ್ದರೇನು, ಡಾಂಬರಿನ ಮೇಲೆ ಓಡುತ್ತದೆ. ಅದನ್ನು ರಸ್ತೆಯ ಮೇಲೆ ಲಗಮಪ್ಪನ ಶೆಡ್ಡಿನ ಪಕ್ಕ ನಿಲ್ಲಿಸುವುದು. ಭಾನುವಾರ ಸಂಜೆ ಎತ್ತಿನ ಗಾಡಿಯಲ್ಲಿ ಅತ್ತೆಯನ್ನು ರಸ್ತೆಗೆ ತರುವುದು, ಜೀಪಿನಲ್ಲಿ ಬೈಲಹೊಂಗಲಕ್ಕೆ ಒಯ್ಯುವುದು, ಅಲ್ಲಿ ಕಲ್ಮೇಶನ ತಂಗಿ ವಿಜಯಾಳ ಮನೆಯಲ್ಲಿ ಉಳಿಯುವುದು. ಸೋಮವಾರ ಆಸ್ಪತ್ರೆ. ಆದರೆ ಸೋಮವಾರವೇ ವಾಪಸು ಬಂದರೆ ರಸ್ತೆಯಿಂದ ಮನೆಗೆ ಗಾಡಿಯಿಲ್ಲ. ಹಾಗಾಗಿ ಇನ್ನೊಂದು ರಾತ್ರಿ ಅಲ್ಲೇ. ಮಂಗಳವಾರ ಮನೆ, ಗುರುವಾರ ಮತ್ತೆ ಆಸ್ಪತ್ರೆ.

ಆರು ವಾರ ಹೀಗೆ ನಡೆಯಿತು. ಅನ್ನಪೂರ್ಣಾಳ ಅರ್ಧ ವಾರ ಪರರ ಮನೆಯಲ್ಲಿ. ಇಲ್ಲಿ ಐಶ್ವರ್ಯಾ ಬಡಿದ ರೊಟ್ಟಿ ಒಂದು ಕಡೆ ಸುಟ್ಟು ಒಂದು ಕಡೆ ಹಸಿ. ಉಳಿದ ಒಂದು ಎಮ್ಮೆ ಹಿಂಡುವ ಕೈ ಬದಲಾಗಿದ್ದಕ್ಕೆ ಹಾಲು ಕಡಿಮೆ ಮಾಡಿತು. ಅಲ್ಲಿ ವಿಜಯಾಳದ್ದು ಎರಡೇ ಕೋಣೆಯ ಬಾಡಿಗೆ ಮನೆ. ಆಕೆಯ ಅತ್ತೆ ಶೆಟ್ಟೆವ್ವ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಪಾತ್ರೆ ಮಾತ್ರ ಜೋರಾಗಿ ಇಡುತ್ತಿದ್ದಳು. ಏಳನೆಯ ವಾರದ ಹೊತ್ತಿಗೆ ವಿಜಯಾಳ ಕಣ್ಣು ಕೆಂಪಾಗಿದ್ದನ್ನು ಚನ್ನವ್ವ ನೋಡಿದಳು.

ಶ್ರಾವಣದ ಎರಡನೆಯ ಭಾನುವಾರ, ಅನ್ನಪೂರ್ಣಾ ಚೀಲ ತುಂಬುತ್ತಿದ್ದಾಗ ಚನ್ನವ್ವ ಹಾಸಿಗೆಯಿಂದ ಏಳಲಿಲ್ಲ.

"ನಾ ಬರೂದಿಲ್ಲ."

"ಹಂಗಂದ್ರ ಹೆಂಗ್ರಿ ಅತ್ತಿ?"

"ಮಗಳ ಬಾಳ್ವೆ ಕೆಡಿಸಿ ನಾ ನೆಟ್ಟಗ ಆಗಬೇಕೇನು? ಒಂದ ವಾರ ಬಿಡು. ನೀರ ಕಡಿಮಿ ಕುಡಿತೇನಿ."

"ನೀರ ಕಡಿಮಿ ಕುಡದ್ರ ಆಗೂದಿಲ್ರಿ. ಹ್ವಾದ ವರ್ಷ ಹಿಂಗ ಅಂದ್ರಿ."

"ಅನ್ನಪೂರ್ಣಾ" ಅಂದಳು ಚನ್ನವ್ವ, "ನನಗ ದಣಿವಾಗೇತಿ. ನಿನಗೂ ಆಗೇತಿ. ಸುಳ್ಳ ಹೇಳಬ್ಯಾಡ."

ಅನ್ನಪೂರ್ಣಾ ಚೀಲ ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋಗಿ ಕಟ್ಟಿಗೆಯ ಮೇಲೆ ಕುಳಿತು ಅತ್ತಳು. ಅತ್ತದ್ದು ಅತ್ತೆಗಾಗಿಯೋ ತನಗಾಗಿಯೋ ಆಕೆಗೇ ತಿಳಿಯಲಿಲ್ಲ. ಒಂದು ವಾರ ಮನೆಯಲ್ಲೇ ಇರಬಹುದಲ್ಲ ಎಂದು ಒಂದು ಕ್ಷಣ ಮನಸ್ಸು ಹಗುರಾಗಿದ್ದು ನಿಜ. ಅದಕ್ಕೇ ಅಳು ಇನ್ನೂ ಹೆಚ್ಚಾಯಿತು.

ಸೋಮವಾರ ನಸುಕಿನಲ್ಲಿ ಹಾಲು ಹಿಂಡಲೆಂದು ಕೊಟ್ಟಿಗೆಗೆ ಹೋದವಳು ಬಾಗಿಲಲ್ಲೇ ನಿಂತಳು. ಶಟ್ಟೆಪ್ಪ ಎತ್ತುಗಳನ್ನು ಬಿಚ್ಚಿ ಅಂಗಳಕ್ಕೆ ತಂದಿದ್ದ. ಗಾಡಿಯ ಮೂಕಿ ಎತ್ತಿ ನೊಗ ಹಿಡಿದಿದ್ದ. ಎತ್ತುಗಳು ಇವತ್ತು ಯಾಕೆ ಎಂಬಂತೆ ಹಿಂದೆ ಸರಿಯುತ್ತಿದ್ದವು. ಎಪ್ಪತ್ತಮೂರರ ಮುದುಕ ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಅವನ್ನು ಮುಂದೆ ಎಳೆಯುತ್ತಿದ್ದ.

"ಮಾವಾರ…"

"ಆಕಿನ್ನ ಎಬ್ಬಿಸು. ಪಾಪ ಬಂದರ ನನಗ ಬರಲಿ."

ಚನ್ನವ್ವ ಎದ್ದೇ ಇದ್ದಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಆಗಲೇ ಊದಿತ್ತು.

"ಅದನ್ನ ಕೆಳಗ ಇಡ್ರಿ."

"ಸುಮ್ನ ಬಂದ ಕೂಡು."

"ನಿಮ್ಮ ಮನಿಗೆ ಬಂದು ಐವತ್ತ ವರ್ಷ ಆತು. ಒಂದ ಸೋಮವಾರ ಹೂಡಿದ್ದ ನೋಡಿಲ್ಲ. ಇವತ್ತ ಹೂಡಿ, ನಾಕ ದಿನಕ್ಕ ನಾ ಸತ್ತರ, ಅದಕ್ಕ ಸತ್ತಳು ಅಂತ ಕುಂತಲ್ಲಿ ನಿಂತಲ್ಲಿ ನೆನಿತೀರಿ. ನನಗ ಗೊತ್ತಿಲ್ಲೇನು ನಿಮ್ಮದು? ಕೆಳಗ ಇಡ್ರಿ."

"ಹೂಡದ ಸತ್ತರ?" ಅಂದ ಶಟ್ಟೆಪ್ಪ. "ಅದನ್ನ ನೆನಸೂದಿಲ್ಲೇನ ನಾ?"

ಚನ್ನವ್ವ ಗಾಡಿ ಹತ್ತಲಿಲ್ಲ. ತಿರುಗಿ ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತಳು. ಕಲ್ಮೇಶ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹೊರಬಂದವನು ಅಪ್ಪನ ಕೈಯಿಂದ ನೊಗ ಇಸಿದುಕೊಂಡು ಕೆಳಗಿಟ್ಟ. "ಬಿಡ್ರಿ ಅಪ್ಪಾ" ಅಂದ. ಎರಡು ತಿಂಗಳಲ್ಲಿ ಅವನು ಅಪ್ಪನಿಗೆ ನೇರ ಆಡಿದ ಮೊದಲ ಮಾತು ಅದು.

ಆ ದಿನ ಐಶ್ವರ್ಯಾ ಆಯಿಯ ನೀರಿನ ಬಾಟಲಿಯನ್ನು ಅರ್ಧಕ್ಕೇ ತುಂಬಿಸಿದಳು. ಮಧ್ಯಾಹ್ನದ ಹೊತ್ತಿಗೆ ಕಾಲು ಬಾತವು. ಸಂಜೆಗೆ ಉಸಿರು ಸಣ್ಣಗೆ ಸೀಟಿ ಹೊಡೆಯತೊಡಗಿತು. ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾಳೆ ಬೆಳಗಾವಿಗೆ ಒಯ್ಯುವುದೋ, ಗುರುವಾರದವರೆಗೆ ತಡೆಯುತ್ತದೋ ಎಂದು ಕಲ್ಮೇಶ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಾಗ ಅನ್ನಪೂರ್ಣಾಳ ಫೋನು ಹೊಡೆದುಕೊಂಡಿತು. ಭೀಮಶಿ.

"ಅಕ್ಕಾರ, ಇವತ್ತ ಬರಲಿಲ್ಲಲ್ರಿ? ನಾಳೆ ಮುಂಜಾನೆ ಆರಕ್ಕ ಕರಕೊಂಡ ಬರ್ರಿ. ಮಂಗಳವಾರ–ಶುಕ್ರವಾರದ ಪಾಳಿ ಒಂದು ಖಾಲಿ ಆಗೇತಿ. ನಿಮ್ಮದ ಹೆಸರು ಮೊದಲಿತ್ತು. ಇ‌ನ್ನ ಮ್ಯಾಲೆ ಖಾಯಂ ನಿಮಗ."

ಅನ್ನಪೂರ್ಣಾ ಫೋನು ಎದೆಗೆ ಒತ್ತಿಕೊಂಡಳು. "ಮಂಗಳವಾರ ಸಿಕ್ತು!" ಎಂದು ಕೂಗಿದ್ದು ಹೊಲದಾಚೆಗೂ ಕೇಳಿರಬೇಕು. ದೇವರ ಜಗಲಿಯ ಮುಂದೆ ಹೋಗಿ ಅಡ್ಡಬಿದ್ದಳು. ಸಂತೋಷವೆಂದರೆ ಸಂತೋಷ, ಅದಕ್ಕೆ ಬೇರೆ ಹೆಸರಿಲ್ಲ. ಕಲ್ಮೇಶ ಕಟ್ಟೆಯ ಮೇಲೆ ಕುಸಿದು ಕುಳಿತ. ಶಟ್ಟೆಪ್ಪ ಲಾಟೀನು ಹಚ್ಚಿಕೊಂಡು ಗಾಡಿಯ ಅಚ್ಚಿಗೆ ಎಣ್ಣೆ ಬಿಡಲು ಹೋದ. ನಾಳೆ ಮಂಗಳವಾರ, ಹೂಡಲು ಅಡ್ಡಿಯಿಲ್ಲ.

ಚನ್ನವ್ವ ಒಬ್ಬಳೇ ನಗಲಿಲ್ಲ. ಎರಡು ಉಸಿರಿನ ನಡುವೆ ಕೇಳಿದಳು: "ಯಾರು ಹ್ವಾದರು?"

ಅನ್ನಪೂರ್ಣಾ ಜಗಲಿಯ ಮುಂದಿನಿಂದ ಎದ್ದು ಸೆರಗು ಸರಿಮಾಡಿಕೊಂಡಳು.

"ಹೋಗಿರಾಕಿಲ್ಲ ಆಯಿ" ಅಂದಳು ಐಶ್ವರ್ಯಾ. "ಬ್ಯಾರೆ ಕಿಡ್ನಿ ಹಾಕಿಸಿಕೊಂಡಿರಬೇಕು. ಈಗ ಭಾಳ ಮಂದಿ ಹಾಕಿಸ್ಕೋತಾರ."

ಮಂಗಳವಾರ ಎತ್ತಿನ ಗಾಡಿ ಕೆಸರು ದಾಟಿಸಿತು, ಡಾಂಬರಿನ ಮೇಲೆ ಜೀಪು ಕರೆದೊಯ್ದಿತು. ಆರಕ್ಕೆ ಹತ್ತು ನಿಮಿಷ ಇರುವಾಗಲೇ ಚನ್ನವ್ವನನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಸಿದರು. ಹೊಸ ಚಾದರ ಹಾಸಿತ್ತು. ಆಚೀಚೆಯ ಮಂಚದವರು ಒಮ್ಮೆ ನೋಡಿ ಮುಖ ತಿರುಗಿಸಿದರು. ಭೀಮಶಿ ಸೂಜಿ ಚುಚ್ಚಿ ಮಷೀನು ಚಾಲೂ ಮಾಡಿದ. ತಾಸೊಂದು ಕಳೆಯುವಷ್ಟರಲ್ಲಿ ಉಸಿರಿನ ಸೀಟಿ ಕಡಿಮೆಯಾಯಿತು. ಅನ್ನಪೂರ್ಣಾ ಸ್ಟೂಲಿನ ಮೇಲೆ ಕುಳಿತಲ್ಲೇ ತೂಕಡಿಸಿದಳು.

ಎಂಟರ ಹೊತ್ತಿಗೆ ಒಬ್ಬ ಹುಡುಗಿ ಬಂದಳು, ಇಪ್ಪತ್ತೆರಡಿರಬೇಕು. ತಲೆಗೆ ಎಣ್ಣೆಯಿಲ್ಲ, ಕೈಯಲ್ಲಿ ಒಂದು ಅರ್ಜಿ. ಅವ್ವನ ಫೈಲಿನ ಝೆರಾಕ್ಸ್ ಬೇಕೆಂದು ಭೀಮಶಿಯನ್ನು ಕೇಳಿದಳು. ಅವನು ಕಪಾಟು ತೆರೆದು ಹುಡುಕುತ್ತಿದ್ದಾಗ ಆಕೆಯ ಕಣ್ಣು ಕಿಟಕಿಯ ಮಂಚದ ಮೇಲೆ ಬಿತ್ತು. ಅಲ್ಲೇ ನಿಂತಿತು.

ಚನ್ನವ್ವ ಖಾಲಿ ಇದ್ದ ಕೈಯಿಂದ ಸನ್ನೆ ಮಾಡಿದಳು. "ಬಾ ಯವ್ವಾ ಇಲ್ಲಿ. ಏನ ಹೆಸರು?"

"ಪೂನಮ್ ರಿ."

"ಇಲ್ಲಿ ಮಲಗಾಕಿ ನಿಮ್ಮವ್ವೇನು?"

"ಹೌದ್ರಿ. ಕೆಂಪವ್ವ ಅಂತ." ಹುಡುಗಿ ಅಳಲಿಲ್ಲ. ಅತ್ತು ಮುಗಿದಂತಿತ್ತು. "ಶನಿವಾರ ನಸುಕಿನ್ಯಾಗ ಹ್ವಾದಳ್ರಿ. ನಿಮಗೂ ಮಂಗಳವಾರನ ಬೇಕಾಗಿತ್ತಂತ? ಭೀಮಶಿ ಅಣ್ಣಾರು ಹೇಳಿದ್ರು."

ಮಾತಿಗೆ ಎಚ್ಚರಾಗಿದ್ದ ಅನ್ನಪೂರ್ಣಾ, "ನಮ್ಮದು ಹೊಲದ ಮನಿ ನೋಡವಾ. ಗಾಡಿ ಹೂಡಬೇಕು. ಸೋಮವಾರ ಎತ್ತ…" ಎಂದು ಅರ್ಧಕ್ಕೆ ನಿಲ್ಲಿಸಿದಳು. ಸತ್ತ ಮನೆಯವರ ಮುಂದೆ ಆ ಕಾರಣ ಬಹಳ ಸಣ್ಣದಾಗಿ ಕೇಳಿಸಿತು.

"ನಮ್ಮದೂ ಅದ ಇತ್ರಿ" ಅಂದಳು ಪೂನಮ್. "ಎರಿ ಹೊಲಾ. ಸೋಮವಾರ ನಮ್ಮಪ್ಪನೂ ಹೂಡೂದಿಲ್ಲ. ಒಂದು ವರ್ಷ ಕಾಯ್ದು ಈ ಪಾಳಿ ತಗೊಂಡಿದ್ವಿ. ಸಿಕ್ಕಾಗ ನಮ್ಮವ್ವ ಊರಾಗೆಲ್ಲಾ ಸಕ್ಕರಿ ಹಂಚಿದ್ಲು."

ಅನ್ನಪೂರ್ಣಾಳಿಗೆ ನಿನ್ನೆ ಸಂಜೆಯ ತನ್ನ ಕೂಗು ಕಿವಿಯಲ್ಲೇ ಕೇಳಿದಂತಾಯಿತು. ಮುಖ ಎತ್ತಲಾಗಲಿಲ್ಲ. ಭೀಮಶಿ ಝೆರಾಕ್ಸ್ ತಂದುಕೊಟ್ಟ. ಹುಡುಗಿ ಚನ್ನವ್ವನ ಕಾಲು ಮುಟ್ಟಿ ನಮಸ್ಕರಿಸಿ, ಅದನ್ನು ಮಡಚಿಕೊಂಡು ಹೋದಳು.

ಆಮೇಲೆ ಚನ್ನವ್ವ ಕರೆದಳು.

"ಭೀಮಶಿ."

"ಹೇಳ್ರಿ ಆಯಿ."

"ಮಂಗಳವಾರಕ್ಕ ನನ್ನ ಹಿಂದ ಯಾರ ಹೆಸರು ಬರದೀಪಾ?"

ಭೀಮಶಿ ಮಷೀನಿನ ಗುಂಡಿಯನ್ನು ಸುಮ್ಮನೆ ತಿರುವಿದ. "ಅದನ್ನೆಲ್ಲಾ ಕೇಳಬಾರದ್ರಿ."

"ಕೇಳಿದರ ಏನಾತು? ಕಾಯಾಕ ಹತ್ಯಾರಿಲ್ಲೋ, ಅಷ್ಟ ಹೇಳು."

"ಹತ್ಯಾರ್ರಿ" ಅಂದ ಅವನು. "ಮೂರು ಮಂದಿ."

"ಹಂಗಾರ ಅವರಿಗೆ ಒಂದ ಮಾತ ಹೇಳು" ಅಂದಳು ಚನ್ನವ್ವ. "ಜೀಪ್ ಗೀಪ್ ತಗೋಬ್ಯಾಡ್ರಿ ಅಂತ ಹೇಳು. ಭಾಳ ದಿನಾ ಕಾಯಿಸೂದಿಲ್ಲ ನಾ."

ಅನ್ನಪೂರ್ಣಾ ಸ್ಟೂಲಿನಿಂದ ಎದ್ದು ಅತ್ತೆಯ ಬಾಯಿಗೆ ಕೈ ಅಡ್ಡ ಹಿಡಿದಳು. ಆಕೆಯ ತುಟಿ ಒಣಗಿ ಬಿರುಸಾಗಿತ್ತು. ಬಾಟಲಿಯಲ್ಲಿ ನೀರು ಇನ್ನೂ ಉಳಿದಿತ್ತು. ಅವತ್ತಿನ ಲೆಕ್ಕ ನೋಡದೆ ಅನ್ನಪೂರ್ಣಾ ಆಕೆಗೆ ಎರಡು ಗುಟುಕು ಹೆಚ್ಚಿಗೆ ಕುಡಿಸಿದಳು.